ಅಮಾವಾಸ್ಯೆಯ ಒಲೆ

"ನಲವತ್ತಾರು!"

ಫೌಜದಾರ ಮೈಲಾರಪ್ಪ ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಮಸಿ ಹಿಡಿದ ಗೋಡೆಗೆ ಬೀಸಿ ಒಗೆದರು. "ಮತ್ತ ನಲವತ್ತಾರ ಬಂತು. ಐವತ್ತಮೂರರ ಬರಬೇಕು, ಇಲ್ಲಾ ಅದರ ಅರ್ಧಾನರ ಬರಬೇಕು. ಈ ನಡುವಿನ ನಲವತ್ತಾರು ತಗೊಂಡು ನಾ ಏನ ಮಾಡ್ಲಿ ಜಮಾದಾರ?"

"ಗೋಡಿ ಮ್ಯಾಲೆ ಸಿಟ್ಟಾದ್ರ ಗೋಡಿ ಏನ ಮಾಡತೈತ್ರೀ ಸಾಹೇಬ್ರ," ಎಂದ ಜಮಾದಾರ ಮೆಹಬೂಬಸುಭಾನಿ, ಸುಣ್ಣದ ತುಂಡನ್ನು ಹುಡುಕಿ ತಂದು ಮತ್ತೆ ಅವರ ಕೈಗೆ ಕೊಡುತ್ತ. "ಇನ್ನೊಮ್ಮೆ ಭಾಗಸ್ರಿ. ಇಟಗಿ ಭೀಮವ್ವನ ಪ್ರಸಾದ ತೊಡಿ ಮ್ಯಾಲೆ ಇಟಗೊಂಡ ಈ ಊರಿಗೆ ಬಂದವರು ನೀವು. ಬರತೈತಿ, ಬರಲಾರದ ಎಲ್ಲಿ ಹೋಗತೈತಿ."

ಮೈಲಾರಪ್ಪ ನಗಲಿಲ್ಲ. ಆ ಕತೆಯನ್ನು ಠಾಣೆಯಲ್ಲಿ ಹೇಳಿದ್ದು ಅವರೇ. ಗಜೇಂದ್ರಗಡಕ್ಕೆ ಚಾರ್ಜು ತೆಗೆದುಕೊಳ್ಳಲು ಬರುವಾಗ ಬೂಟು, ಪಟ್ಟಾ ಸಮೇತ ರೋಣದಲ್ಲಿ ಬಸ್ಸು ಹತ್ತಿದ್ದರು. ಕಿಟಕಿಯ ಬಳಿ ಕೆಂಪು ಸೀರೆಯ ಸೆರಗನ್ನು ಮುಖದ ತನಕ ಎಳೆದುಕೊಂಡು ಕೂತಿದ್ದ ಒಬ್ಬ ಮುದುಕಿ, ಕಾಲಿಡಲೂ ಜಾಗವಿಲ್ಲದ ಆ ಗದ್ದಲದಲ್ಲಿ, ತನ್ನ ಗಂಟನ್ನು ಇವರ ತೊಡೆಯ ಮೇಲಿಟ್ಟಿದ್ದಳು. "ಭೀಮವ್ವನ ಪ್ರಸಾದ ಅದ. ನೆಲಕ್ಕ ತಾಗಸಬ್ಯಾಡಪಾ" ಎಂದಿದ್ದಳು. ದಾರಿಯುದ್ದಕ್ಕೂ ಅದನ್ನು ಅಲುಗಿಸದೆ ಹಿಡಿದು, ಕಾಲು ಜೋಮು ಹತ್ತಿ, ಹೊಸ ಊರಿಗೆ ಒಳ್ಳೆಯ ಶಕುನ ಎಂದುಕೊಂಡು ಇಳಿದಿದ್ದರು.

ಒಳ್ಳೆಯ ಶಕುನ! ಮರುವಾರದ ಅಮಾವಾಸ್ಯೆಯ ಬೆಳಿಗ್ಗೆಯೇ ಈ ಕೋಣೆಯಲ್ಲಿ ನೂಲಿನ ವ್ಯಾಪಾರಿ ರಾಘಣ್ಣ ಬೆಂಕಿಯಲ್ಲಿ ಸಿಕ್ಕು ಸತ್ತ. ಕೋಣೆಗೆ ವಾಯರು ಎಳೆದಿದ್ದ ದೇವಪ್ಪ ಅಂದಿನಿಂದ ಠಾಣೆಯ ಕಂಬಿಗಳ ಹಿಂದೆ ಇದ್ದಾನೆ.

"ಸಡಿಲ ವಾಯರಿಗೆ ವಾಯರು ತಾಗಿತು, ಕಿಡಿ ಹಾರಿ ನೂಲಿಗೆ ಬಿತ್ತು" ಎಂದು ಸತ್ತವನ ತಮ್ಮ ಪ್ರಾಣೇಶ ಬರೆದುಕೊಟ್ಟಿದ್ದ. ಊರೂ ಅದನ್ನೇ ಹೇಳಿತು. ದೇವಪ್ಪನನ್ನು ಹಿಡಿದು ತರುವ ಕಾಗದಕ್ಕೆ ಸಹಿ ಮಾಡಿದ್ದು ಮೈಲಾರಪ್ಪನವರ ಕೈ. ನಾಳೆ ರಿಮಾಂಡು ಮುಗಿಯುತ್ತದೆ. ಬೆಳಗಿನ ಬಸ್ಸಿಗೆ ಅವನನ್ನು ರೋಣದ ಕೋರ್ಟಿಗೆ ಒಯ್ಯಬೇಕು, ದೋಷಾರೋಪದ ಸಮೇತ.

ಆದರೆ ಬಾಗಿಲ ಮೇಲಿನ ಪಿಂಗಾಣಿಯ ಫ್ಯೂಜು ಅವರನ್ನು ಮಲಗಗೊಡುತ್ತಿರಲಿಲ್ಲ. ವಾಯರಿಗೆ ವಾಯರು ತಾಗಿ ಬೆಂಕಿ ಎದ್ದಿದ್ದರೆ ಮೊದಲು ಕರಗಬೇಕಾದದ್ದು ಅದರೊಳಗಿನ ಎಳೆ. ಹತ್ತು ಆಂಪಿನ ಆ ಎಳೆ ಇನ್ನೂ ಗಟ್ಟಿಯಾಗಿ ಕೂತಿತ್ತು. ಹೊಗೆ ಕಂಡ ಕೂಡಲೆ ಪ್ರಾಣೇಶನೇ ಓಡಿ ಬಂದು ಮೇನ್ ಸ್ವಿಚ್ಚು ಕೆಳಗೆಳೆದಿದ್ದ. ಅದರ ಮೊದಲು ಎಳೆ ಕರಗಲಿಲ್ಲ ಎಂದರೆ ತಪ್ಪು ವಾಯರಿನದಲ್ಲ.

ಹಾಗಾದರೆ ಉಳಿದದ್ದು ಒಲೆ. ರಾಘಣ್ಣ ಚಹಾಕ್ಕೆ ನೀರಿಟ್ಟಿದ್ದ ಕರೆಂಟಿನ ಒಲೆ. ಮಣ್ಣಿನ ತಟ್ಟೆಯ ಗೆರೆಗಳಲ್ಲಿ ತಂತಿಯ ಸುರುಳಿ ಮಲಗಿಸಿದ್ದು. ತಟ್ಟೆ ಸೀಳಿತ್ತು, ಸುರುಳಿ ಮಾತ್ರ ಬೆಂಕಿಗೆ ಜಗ್ಗಿರಲಿಲ್ಲ. ಅದರ ಕಬ್ಬಿಣದ ಅಂಚಿನಲ್ಲಿ ಕೊರೆದಿತ್ತು: ಇನ್ನೂರಾ ಮೂವತ್ತು ವೋಲ್ಟ್, ಸಾವಿರ ವ್ಯಾಟ್.

ಹುಬ್ಬಳ್ಳಿಯ ಸಂಜೆ ಸಾಲೆಯಲ್ಲಿ, ಡ್ಯೂಟಿ ಮುಗಿಸಿ ನಿದ್ದೆಗಣ್ಣಿನಲ್ಲಿ ಕೂತು ಕಲಿತದ್ದು ಇಷ್ಟು: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪು, ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮು, ಅಂದರೆ ಕರೆಂಟಿಗೆ ತಂತಿ ಎಷ್ಟು ಅಡ್ಡ ನಿಲ್ಲುತ್ತದೆ ಎಂಬ ಅಳತೆ. ಆ ಪ್ರಕಾರ ಈ ಒಲೆ ನಾಲ್ಕೂ ಚಿಲ್ಲರೆ ಆಂಪು ಎಳೆಯಬೇಕು, ಅದರ ಓಮು ಐವತ್ತಮೂರು ಇರಬೇಕು. ಅಂಥ ಒಲೆ ಮೊಳ ದೂರದ ನೂಲಿಗೆ ಬೆಂಕಿ ಹಚ್ಚುವುದಿಲ್ಲ. ಈಗ ಹೊಸ ವಾಯರು ಕೊಟ್ಟು ಅದನ್ನು ಹಚ್ಚಿದರೆ, ಊರಿಗೆ ಕರೆಂಟು ಕೊಡುವ ಹತ್ತಿಯ ಜಿನ್ನಿನಿಂದ ಎರವಲು ತಂದ ಆಂಪಿನ ಮೀಟರು ಐದು ತೋರಿಸುತ್ತಿತ್ತು. ಜಿನ್ನಿನ ಗೋಡೆಯ ಮೀಟರಿನಲ್ಲಿ ವೋಲ್ಟು ಇನ್ನೂರಾ ಮೂವತ್ತು. ಐದರಿಂದ ಭಾಗಿಸಿದರೆ ನಲವತ್ತಾರು.

ಜಿನ್ನಿನ ಫೋರ್ಮನ್ನು ನಕ್ಕಿದ್ದ. "ಹಳೇ ಮೀಟರು ಅದ್ರಿ ಫೌಜದಾರ್ರ, ಇಷ್ಟು ಹೆಚ್ಚು ಕಡಿಮಿ ನಡೀತೈತಿ. ಇಷ್ಟಕ್ಕ ಯಾರೂ ಸಾಯಂಗಿಲ್ಲ."

ಅದೇ ಅವರನ್ನು ತಿನ್ನುತ್ತಿತ್ತು. ಇಷ್ಟಕ್ಕೆ ಯಾರೂ ಸಾಯುವುದಿಲ್ಲ. ತಾನು ಓದಿದ್ದೇ ಅರೆಬರೆ. ಗೊತ್ತಿರುವವರು ಈ ಲೆಕ್ಕ ನೋಡಿದರೆ ನಕ್ಕಾರು. ಕೈಯಲ್ಲಾಗದ್ದಕ್ಕೆ ಯಾಕೆ ಕೈ ಹಾಕಿದೆ?

"ಸಾಹೇಬ್ರ, ಇನ್ನೂ ಮುಗೀಲಿಲ್ಲೇನ್ರೀ?"

ಬಾಗಿಲಲ್ಲಿ ಹುಚ್ಚವ್ವ ನಿಂತಿದ್ದಳು, ದೇವಪ್ಪನ ಹೆಂಡತಿ. ಕಂಕುಳಲ್ಲಿ ರೊಟ್ಟಿಯ ಗಂಟು. ಫೌಜದಾರರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಠಾಣೆಯ ಪೇದೆ ಅವಳನ್ನು ಇಲ್ಲಿಗೆ ಅಟ್ಟಿದ್ದ.

"ನಡಿ, ಬರ್ತೀನಿ."

"ನಿನ್ನೆನೂ ಬರ್ತೀನಿ ಅಂದ್ರಿ. ರೊಟ್ಟಿ ಕಟಕ್ ಆದ್ವು. ನನ್ನ ಗಂಡನ ವಾಯರು ಸುಳ್ಳ ಅಂತ ಬರಿಯಾಕ ಪ್ರಾಣೇಶಪ್ಪಗ ಒಂದ ಗಳಿಗಿ ಹತ್ತಲಿಲ್ಲ. ಖರೇ ಅಂತ ಬರಿಯಾಕ ನಿಮಗ ಎಷ್ಟ ಗ್ವಾಡಿ ಬೇಕ್ರಿ?" ಅವಳು ಗೋಡೆಯ ತುಂಬ ಗೀಚಿದ ಅಂಕಿಗಳನ್ನು ನೋಡಿದಳು. "ಮತ್ತ ಈ ಬೆಳಕಿನ್ಯಾಗ ಅಂಕಿರ ಹ್ಯಾಂಗ ಕಾಣಸ್ತಾವ ನಿಮಗ? ಇದರಕಿಂತ ನಮ್ಮ ಮನಿ ಚಿಮಣಿ ವಾಸಿ."

ಮೆಹಬೂಬಸುಭಾನಿ ಗದರಿಸಲು ಬಾಯಿ ತೆರೆದ. ಮೈಲಾರಪ್ಪ ಕೈಯೆತ್ತಿ ತಡೆದರು.

ಅವರು ಮೇಲೆ ನೋಡುತ್ತಿದ್ದರು. ಸೂರಿನಿಂದ ಇಳಿಬಿಟ್ಟ ಬಲ್ಬಿನೊಳಗಿನ ಎಳೆ ಹಣ್ಣಾದ ಮೆಣಸಿನಕಾಯಿಯ ಹಾಗೆ ಕೆಂಪಗಿತ್ತು. ಬೆಳಕು ಬಲ್ಬಿನಿಂದ ಹೊರಗೆ ಬರಲು ಹಿಂದೆಮುಂದೆ ನೋಡುತ್ತಿತ್ತು.

ಇನ್ನೂರಾ ಮೂವತ್ತು ವೋಲ್ಟು ಹೊಟ್ಟೆಗೆ ಬಿದ್ದ ದೀಪ ಹೀಗೆ ಉರಿಯುತ್ತದೆಯೆ?

"ಜಮಾದಾರ, ಪೆಟಿಗ್ಯಾಗಿನ ಆ ಇನ್ನೊಂದು ಮೀಟರು ಕೊಡ್ರಿ."

"ವೋಲ್ಟಿಂದಾ? ಅದು ನಾಜೂಕ ಅದ, ಮುಟ್ಟಬ್ಯಾಡ್ರಿ ಅಂದಿದ್ದರಲ್ರೀ ಫೋರ್ಮನ್ನು."

"ಕೊಡ್ರಿ ಮೊದಲ!"

ಮುಳ್ಳು ಮೇಲೇಳುತ್ತ ಬಂದು, ಅರ್ಧ ದಾರಿ ದಾಟಿ, ಅಲ್ಲಿಯೇ ನಿಂತಿತು. ನೂರಾ ಅರವತ್ತು.

ಮೈಲಾರಪ್ಪ ಎರಡು ಸಲ ತಂತಿ ಬಿಡಿಸಿ ಕೂಡಿಸಿದರು. ನೂರಾ ಅರವತ್ತೇ. ಜಿನ್ನಿನ ಮನೆಯಿಂದ ಹೊರಟ ಲೈನು ದಾರಿಯಲ್ಲಿ ಹಿಟ್ಟಿನ ಗಿರಣಿಗಳಿಗೆ, ಎಣ್ಣೆಯ ಗಾಣಕ್ಕೆ ಉಣಿಸಿ, ಕೊನೆಗೆ ಈ ಓಣಿಯ ತುದಿಗೆ ಬರುವಷ್ಟರಲ್ಲಿ ಉಳಿಯುವುದು ಇಷ್ಟೇ. ತಾನು ಜಿನ್ನಿನ ಗೋಡೆಯ ಮೇಲಿನ ವೋಲ್ಟನ್ನು, ಇಲ್ಲಿಯ ಆಂಪಿನಿಂದ ಭಾಗಿಸುತ್ತ ಕೂತಿದ್ದೆ! ಒಂದೂರಿನ ಹೆಣ್ಣಿಗೆ ಇನ್ನೊಂದೂರಿನ ಗಂಡಿನ ಜಾತಕ ಓದಿದ ಹಾಗೆ. ಅವರಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನೂರಾ ಅರವತ್ತನ್ನು ಐದರಿಂದ ಭಾಗಿಸಿದರು. ಮೂವತ್ತೆರಡು.

ಐವತ್ತಮೂರು ಇರಬೇಕಾದ ಒಲೆ ಮೂವತ್ತೆರಡಕ್ಕೆ ಇಳಿದಿದೆ. ತಂತಿ ಗಿಡ್ಡಾದಷ್ಟೂ ಓಮು ಕಡಿಮೆ: ಸುರುಳಿ ಮೋಟಾಗಿದೆ.

"ಕಡಿಸಿರಬೇಕ್ರಿ," ಎಂದ ಮೆಹಬೂಬಸುಭಾನಿ ಹಗುರವಾಗಿ. "ಈ ಊರಾಗ ಎಲ್ಲಾರೂ ಕಡಸ್ತಾರ. ಸಂಜೀಮುಂದ ಕರೆಂಟಿಗೆ ಜೀವಾನ ಇರಂಗಿಲ್ಲ, ಹಾಲು ಉಕ್ಕೂದ್ರಾಗ ಕೂಸು ಅತ್ತು ಮಲಗಿರತೈತಿ. ಸುರುಳಿ ಒಂದೀಟು ಕಡದ್ರ ಲಗೂ ಕಾಯತೈತಿ. ನಮ್ಮ ಠಾಣೇದಾಗಿನ ಒಲೀನೂ ದೇವಪ್ಪನ ಕಡದಾನ. ಅಮಾಸಿ ದಿನಾ ಹಚ್ಚಂಗಿಲ್ಲ, ಅಷ್ಟ."

"ಅಮಾಸಿ ದಿನಾ ಯಾಕ ಹಚ್ಚಂಗಿಲ್ಲ?"

"ಅದು ರೂಢೀರಿ. ಅವತ್ತ ಗಿರಣಿ, ಗಾಣ ಎಲ್ಲಾ ಬಂದ್. ಕರೆಂಟು ಮೈದುಂಬಿ ಬರತೈತಿ. ಕಡದ ಒಲಿ ಹಚ್ಚಿದ್ರ ಕಮ್ಮಾರನ ಕುಲುಮಿ ಆಗತೈತಿ."

ಮೈಲಾರಪ್ಪ ಜಮಾದಾರನನ್ನೇ ನೋಡಿದರು.

"ಇದನ್ನ ಇಷ್ಟು ದಿನಾ ಯಾಕ ಹೇಳಲಿಲ್ಲ?"

"ನೀವು ವಾಯರಿನ ಬಗ್ಗೆ ಕೇಳಿದ್ರಿ. ಒಲೀ ಬಗ್ಗೆ ಎಲ್ಲಿ ಕೇಳಿದ್ರಿ?"

ಅವರು ಗೋಡೆಗೆ ತಿರುಗಿದರು. ಅಮಾವಾಸ್ಯೆಯಂದು ಇಲ್ಲಿಗೂ ಪೂರ್ತಿ ಇನ್ನೂರಾ ಮೂವತ್ತು ಬಂದಿರುತ್ತದೆ. ಮೂವತ್ತೆರಡರಿಂದ ಭಾಗಿಸಿದರೆ ಏಳು ಆಂಪಿನ ಮೇಲೆ ಸ್ವಲ್ಪ. ಅದನ್ನು ಮತ್ತೆ ಇನ್ನೂರಾ ಮೂವತ್ತರಿಂದ ಗುಣಿಸಿದರೆ ಸಾವಿರದ ಆರುನೂರ ಐವತ್ತು ವ್ಯಾಟ್. ಸಾವಿರದ ಒಲೆಯೊಳಗೆ ಇನ್ನೂ ಅರ್ಧ ಒಲೆಗಿಂತ ಹೆಚ್ಚಿನ ಕಾವು ತುರುಕಿದಂತೆ. ಕಾದು ಬಿಳುಪೇರಿದ ಸುರುಳಿ, ಸುತ್ತ ಒಣಗಿದ ನೂಲಿನ ಲಡಿಗಳು. ಏಳು ಆಂಪಿಗೆ ಹತ್ತರ ಫ್ಯೂಜು ಕರಗುವುದೂ ಇಲ್ಲ.

ಎಲ್ಲವೂ ಕೂಡಿಬಂತು. ವಾಯರಿನ ತಪ್ಪಲ್ಲ. ಅಮಾವಾಸ್ಯೆ ಎಂಬುದನ್ನು ಮರೆತು ಒಲೆ ಹಚ್ಚಿದ ರಾಘಣ್ಣನ ದುರ್ದೈವ. ಅಪಘಾತ.

"ಹುಚ್ಚವ್ವ," ಎಂದರು ಮೈಲಾರಪ್ಪ. ಎಷ್ಟೋ ದಿನಗಳ ಮೇಲೆ ಅವರ ದನಿ ಸಡಿಲಾಗಿತ್ತು. "ನಿನ್ನ ಗಂಡನ್ನ ನಾಳೆ ಬಿಡ್ತೀವಿ. ಹೋಗಿ ಹೇಳು."

ಅವಳು ರೊಟ್ಟಿಯ ಗಂಟನ್ನು ಎದೆಗೆ ಒತ್ತಿಕೊಂಡು ಓಡಿದಳು.

ಆ ಮಾತು ಆಡಬಾರದಿತ್ತು ಎಂದು ಅವರಿಗೆ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ.

ಅಂಗಳ ದಾಟಿದರೆ ರಾಘಣ್ಣನ ಮನೆ. ಹದಿಮೂರನೆಯ ದಿನದ ವಿಧಿ ಮುಗಿದು ಮನೆ ಮತ್ತೆ ಮಡಿಗೆ ಮರಳಿತ್ತು. ಪಡಸಾಲೆಯಲ್ಲಿ ಪ್ರಾಣೇಶ ಜಮಖಾನೆ ಹಾಸಿ ಕೂರಿಸಿದ. ಒಳಬಾಗಿಲಿಗೆ ಒರಗಿ ಲೀಲಾಬಾಯಿ ಕೂತಿದ್ದಳು. ಗಂಡ ಹೋದಾಗಿನಿಂದ ಅವಳ ಕಣ್ಣು ಒಂದೇ ಕಡೆ ನೆಟ್ಟಿರುತ್ತಿತ್ತು. ಅಡುಗೆಮನೆಯ ಕತ್ತಲೆಯಲ್ಲಿ ಕೆಂಪು ಸೀರೆಯ ಅಂಚೊಂದು ಅಲುಗಿತು. ಅದು ಕಾಶಿಬಾಯಿ, ಪ್ರಾಣೇಶನ ಹೆತ್ತ ತಾಯಿ, ಸತ್ತ ರಾಘಣ್ಣನಿಗೆ ಮಲತಾಯಿ. ಇಷ್ಟು ದಿನದ ತನಿಖೆಯಲ್ಲಿ ಆಕೆ ಹೊಸ್ತಿಲ ಈಚೆ ಬಂದದ್ದಿಲ್ಲ, ಸೆರಗು ಸರಿಸಿದ್ದಿಲ್ಲ.

ಮೈಲಾರಪ್ಪ ಲೆಕ್ಕವನ್ನು ಆದಷ್ಟು ಸರಳ ಮಾಡಿ ಹೇಳಿದರು.

"ಅಂದ್ರ ನಮ್ಮ ಅಣ್ಣಂದ ತಪ್ಪು ಅಂತೀರಿ," ಎಂದ ಪ್ರಾಣೇಶ. ಅವನ ಮುಖದಲ್ಲಿ ಸಿಟ್ಟೂ ಇತ್ತು, ಏನೋ ನಿರಾಳವೂ ಇತ್ತು. "ಆಗಲಿ. ಹೋದವ ಹೋದ. ಅಪಘಾತ ಅಂತ ಬರದುಬಿಡ್ರಿ."

"ಅವರು ಮರಿಯೋರಲ್ಲ."

ಲೀಲಾಬಾಯಿಯ ದನಿ ಅದು. ಎಲ್ಲರೂ ತಿರುಗಿದರು.

"ವೈನಿ, ಈಗ್ಯಾಕ..."

"ನೀ ಸುಮ್ಮನಿರು ಪ್ರಾಣೇಶ." ಅವಳು ಫೌಜದಾರರನ್ನೇ ನೋಡಿದಳು. "ನಮ್ಮನ್ಯಾಗ ಒಲಿ ಎರಡವ ರೀ. ಒಂದು ಕಡಿಸಿದ್ದು, ದೇವಪ್ಪನ ಕೈಲೆ. ಅದು ದಿನದ್ದು. ಇನ್ನೊಂದು ಕಡೀಲಾರದ್ದು. ಅದನ್ನ ಅಮಾಸಿ ಒಲಿ ಅಂತೀವಿ ನಾವು. ಬರೇ ಅಮಾಸಿಗೆ ಅಟ್ಟದ ಮ್ಯಾಲಿಂದ ಇಳಸೋದು, ಮರುದಿನ ಏರಸೋದು. ಹಿಂದಿನ ಅಮಾಸಿಗೆ ಅದರ ಮ್ಯಾಲೇ ಚಹಾ ಕಾಸಿಕೊಂಡಾರ, ಏನೂ ಆಗಿಲ್ಲ. ಅವತ್ತ ಮುಂಜಾನೆ ಅಟ್ಟದಿಂದ ಇಳಿಸಿ ಕೈಯಾಗ ಕೊಟ್ಟವಳು ನಾನ."

"ಮತ್ತ ದಿನದ ಒಲಿ?" ಎಂದರು ಮೈಲಾರಪ್ಪ.

"ಅಡಿಗಿಮನ್ಯಾಗ ಅದ."

ಅವರು ಎದ್ದರು. ಲೀಲಾಬಾಯಿ ಹೇಳುವುದು ನಿಜವಿದ್ದರೆ ಸುಟ್ಟ ಒಲೆ ಐವತ್ತಮೂರು ಇರಬೇಕಿತ್ತು. ಇಲ್ಲ, ಅವಳು ಗಲಿಬಿಲಿಯಲ್ಲಿ ತಪ್ಪು ಒಲೆ ಕೊಟ್ಟಿರಬೇಕು. ಅಡುಗೆಮನೆಯದನ್ನು ಅಳೆದರೆ ಐವತ್ತಮೂರು ಬರುತ್ತದೆ, ಮಾತು ಮುಗಿಯುತ್ತದೆ. ಬರಲಿ ದೇವರೇ, ಐವತ್ತಮೂರೇ ಬರಲಿ.

"ಅಲ್ಲೇ ನಿಂದರು!"

ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದ ಮೈಲಾರಪ್ಪ ಹಿಂದೆ ಸರಿದರು. ಕಾಶಿಬಾಯಿ ಒಳಗಿನಿಂದಲೇ ಗದರಿದ್ದಳು. "ಮಡಿ ಅದ ಒಳಗ. ಬೂಟು, ಚರ್ಮದ ಪಟ್ಟಾ ಹಾಕ್ಕೊಂಡು ಎಲ್ಲಿ ಬರ್ತೀ? ಲೀಲಾ, ತಂದು ಕೊಡು ಅವನಿಗೆ. ನಾ ಅದನ್ನ ಮುಟ್ಟೋದಿಲ್ಲ. ಹುಟ್ಟಿದಾಗಿಂದ ಮುಟ್ಟಿಲ್ಲ. ಆ ಕರೆಂಟು ಯಾವ ಕೇರಿ ಹಾಯ್ದು ಬರ್ತದೋ, ಯಾರ ಮೈಲಿಗಿ ತರ್ತದೋ!"

"ಅಮ್ಮಾರ, ಅಟ್ಟದ ಮ್ಯಾಲಿನ ಒಲಿ ಯಾರರ ಹೊರಗ ಒಯ್ದಿದ್ರೇನು, ಗೊತ್ತದ ಏನ್ರಿ?"

"ನನಗೇನ ಕೇಳ್ತೀ? ನಾ ಈ ಹೊಸ್ತಿಲಾ ದಾಟಿ ವರ್ಷಾತು."

ಲೀಲಾಬಾಯಿ ಒಲೆ ತಂದುಕೊಟ್ಟಳು. ಮೈಲಾರಪ್ಪ ಅದನ್ನು ಪಡಸಾಲೆಯ ಕಲ್ಲುಹಾಸಿನ ಮೇಲೆ ಇಡಲು ಬಾಗಿದರು.

"ಹಗೂರ! ನೆಲಕ್ಕ ತಾಗಸಬ್ಯಾಡಪಾ," ಎಂದಳು ಕಾಶಿಬಾಯಿ ಒಳಗಿನಿಂದ. "ಮಣಿ ಮ್ಯಾಲೆ ಇಡು. ಕಾದಮ್ಯಾಲೆ ತಣ್ಣನ್ನ ಕಲ್ಲಿಗೆ ಮಣ್ಣಿನ ತಟ್ಟಿ ಸೀಳ್ತದ."

ಅವರು ಮಣೆ ಎಳೆದುಕೊಂಡು ಒಲೆ ಇಟ್ಟರು. ಮೀಟರು ಕೂಡಿಸಿದರು. ಲಕ್ಷ್ಯವೆಲ್ಲ ಮುಳ್ಳಿನ ಮೇಲೆ. ವೋಲ್ಟು ಅದೇ ನೂರಾ ಅರವತ್ತು. ಆಂಪು ಮೂರಕ್ಕೆ ನಿಂತರೆ ಐವತ್ತಮೂರು.

ಮುಳ್ಳು ಮೂರನ್ನು ದಾಟಿತು. ನಾಲ್ಕಕ್ಕೆ ನಿಂತಿತು.

ನಲವತ್ತು ಓಮು.

"ಏನ ಬಂತ್ರಿ?" ಎಂದ ಪ್ರಾಣೇಶ, ಕತ್ತು ಚಾಚಿ.

ಮೈಲಾರಪ್ಪನವರಿಗೆ ಮೀಟರನ್ನು ಎತ್ತಿ ಅಂಗಳಕ್ಕೆ ಒಗೆಯಬೇಕೆನಿಸಿತು. ಐವತ್ತಮೂರಲ್ಲ. ಮೂವತ್ತೆರಡೂ ಅಲ್ಲ. ಹಿಡಿದ ದಾರದ ತುದಿ ಮತ್ತೆ ಕೈಯಿಂದ ಜಾರಿತ್ತು. ಎರಡೂ ಒಲೆ ಕಡಿದವು. ಅಂದರೆ ಲೀಲಾಬಾಯಿ ತಪ್ಪು ಒಲೆ ಕೊಟ್ಟಿಲ್ಲ. ರಾಘಣ್ಣ ಏನನ್ನೂ ಮರೆತಿರಲಿಲ್ಲ. ಮಾಡಬೇಕಾದ ಎಚ್ಚರಿಕೆಯನ್ನೇ ಮಾಡಿ, ಅಟ್ಟದ ಒಲೆ ಇಳಿಸಿಕೊಂಡು, ಅದರಿಂದಲೇ ಸತ್ತ. ಎರಡು ಅಮಾವಾಸ್ಯೆಗಳ ನಡುವೆ ಯಾರೋ ಆ ಒಲೆಯ ಸುರುಳಿಯನ್ನು ಕಡಿದಿಟ್ಟಿದ್ದರು.

ಇದು ಅಪಘಾತವಲ್ಲ. ಕೊಲೆ.

ಮತ್ತು ಈ ಊರಲ್ಲಿ ಸುರುಳಿ ಕಡಿಯುವವನು ಒಬ್ಬನೇ.

"ಅಂದ್ರ ದೇವಪ್ಪ ಬೇಕಂತನ ಕಡದಾನ!" ಪ್ರಾಣೇಶನೂ ಅಲ್ಲಿಗೇ ಬಂದಿದ್ದ. "ವಾಯರಿಂದ ಅಲ್ಲ ಅಂತ ಬಿಡಾಕ ಹೊಂಟಿದ್ರಿ. ಈಗ ನಿಮ್ಮ ಲೆಕ್ಕಾನ ಅವನ ಕೊಳ್ಳಿಗೆ ಹಗ್ಗ ಹಾಕ್ತಲ್ರೀ ಫೌಜದಾರ್ರ."

ಮೈಲಾರಪ್ಪ ಮೀಟರುಗಳನ್ನು ಪೆಟ್ಟಿಗೆಗೆ ತುಂಬಿದರು.

ಠಾಣೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ಹುಚ್ಚವ್ವ ಕೂತಿದ್ದಳು. ಹುಣ್ಣಿಮೆಯ ಹತ್ತಿರದ ಚಂದ್ರ ಆಗಲೇ ಕೋಟೆಯ ಗುಡ್ಡದ ಮೇಲೆ ಬಂದಿದ್ದ. ಅವಳು ಯಾರಿಗೋ ಹೇಳುತ್ತಿದ್ದಳು, "ನಾಳೆ ಬಿಡ್ತಾರಂತ, ಸಾಹೇಬ್ರ ಬಾಯಿಲೆ ಅಂದಾರ." ಮೈಲಾರಪ್ಪ ಅವಳ ಕಡೆ ನೋಡದೆ ಮೆಟ್ಟಿಲು ಹತ್ತಿದರು.

ಕಂಬಿಗಳ ಹಿಂದೆ ದೇವಪ್ಪ ಎದ್ದು ನಿಂತ.

"ರಾಘಣ್ಣನ ಮನಿ ಒಲಿ ಎಷ್ಟು ಕಡದಿ?"

"ಒಂದ ಕಡದೀನ್ರಿ."

"ಎಷ್ಟು ಕಡದಿ ಅಂತ ಕೇಳಿದ್ದು. ಎಷ್ಟು ಉದ್ದ?"

"ನಾಲ್ಕರಾಗ ಒಂದ ಪಾಲು. ಎಲ್ಲಾರಿಗೂ ಅಷ್ಟ. ಅದರಕಿಂತಾ ಹೆಚ್ಚಿಗಿ ಕಡದ್ರ ಅಮಾಸಿ ಯಾಕ, ನಾಗರಪಂಚಮಿಗೆ ಗಿರಣಿ ನಿಂತ್ರೂ ಮನಿ ಸುಟ್ಟೀತು."

ಐವತ್ತಮೂರರಲ್ಲಿ ಕಾಲು ಭಾಗ ಹೋದರೆ ನಲವತ್ತು. ಸರಿ ಹೊಂದಿತು. ಆದರೆ ಉರುಲು ಹತ್ತಿರ ಬಂದವನು ಏನು ಬೇಕಾದರೂ ಹೇಳಿಯಾನು. ಬಾಯಿಮಾತನ್ನು ನಂಬಿ ಆತನನ್ನು ಹಿಡಿದಿದ್ದೆ, ಬಾಯಿಮಾತನ್ನು ನಂಬಿ ಬಿಡುವುದೆ?

"ಜಮಾದಾರ, ನಮ್ಮ ಚಹಾದ ಒಲಿ ತರ್ರಿ."

ಠಾಣೆ ಲೈನಿನ ನಡುವೆ ಇತ್ತು. ಇಲ್ಲಿ ವೋಲ್ಟು ನೂರಾ ಎಪ್ಪತ್ತಾರು, ಆಂಪು ನಾಲ್ಕರ ಮೇಲೆ ನಾಲ್ಕು ಗೆರೆ. ಮೈಲಾರಪ್ಪ ಭಾಗಿಸಿದರು, ಮತ್ತೊಮ್ಮೆ ಭಾಗಿಸಿದರು. ವೋಲ್ಟು ಬೇರೆ, ಆಂಪು ಬೇರೆ. ಓಮು ಮಾತ್ರ ಅದೇ. ನಲವತ್ತು.

ಹಾಗಾದರೆ ಮೂವತ್ತೆರಡು ಬೇರೆಯವರ ಕೈ. ಯಾರದು? ಅವರು ಕುರ್ಚಿಯಲ್ಲಿ ಕುಸಿದರು. ಊರೂರು ತಿರುಗಿ ಒಲೆಗಳನ್ನು ಅಳೆಯಲೆ? ಬೆಳಗಿನ ಬಸ್ಸಿಗೆ ದೇವಪ್ಪನನ್ನು ಹತ್ತಿಸಬೇಕು. ಹೊತ್ತಿಲ್ಲ, ಗತಿಯಿಲ್ಲ.

"ಚಹಾ ಮಾಡ್ಲಿ ಏನ್ರಿ?" ಎಂದ ಮೆಹಬೂಬಸುಭಾನಿ. "ಒಲಿ ಹೆಂಗೂ ಕಾದೈತಿ. ನಿಮ್ಮ ಕ್ವಾಟರ್ಸಿನ್ಯಾಗಿನ ಒಲಿ ಆಗಿದ್ರ ಇಷ್ಟೊತ್ತಿಗೆ ಕುದ್ದೇ ಬಿಡತಿತ್ತು. ಅದು ಭಾಳ ಲಗೂ."

ಮೈಲಾರಪ್ಪ ನಿಧಾನವಾಗಿ ತಲೆಯೆತ್ತಿದರು.

"ಅದನ್ನೂ ತರ್ರಿ."

ಅವರ ಒಲೆ ನರಗುಂದದ್ದು. ಅಲ್ಲಿ ಕೆಲಸದಲ್ಲಿದ್ದಾಗ ಪೇಟೆಯ ಜಂಗ್ಲಿಸಾಬನ ರಿಪೇರಿ ಅಂಗಡಿಯಲ್ಲಿ ಕೊಂಡದ್ದು. ನರಗುಂದದ ಕರೆಂಟು ಇಲ್ಲಿಗಿಂತಲೂ ಬಡಕಲು, ಅಮಾವಾಸ್ಯೆಗೂ ಅದು ಚೇತರಿಸುತ್ತಿರಲಿಲ್ಲ. "ನಮ್ಮೂರಿಗೆ ಐದರಾಗ ಎರಡು ಪಾಲು ತಗದ್ರನ ಒಲಿ ಉರಿಯೋದು" ಎಂದು ಜಂಗ್ಲಿಸಾಬ ಎದುರಿಗೇ ಕಡಿದುಕೊಟ್ಟಿದ್ದ.

ನೂರಾ ಎಪ್ಪತ್ತಾರು ವೋಲ್ಟು. ಐದೂವರೆ ಆಂಪು.

ಮೂವತ್ತೆರಡು.

ಬೆಂಕಿ ಕಾಣದ ಸುರುಳಿ, ಬೇರೆ ಓಣಿ, ಬೇರೆ ವೋಲ್ಟು. ಅಂಕಿ ಮಾತ್ರ ಸುಟ್ಟ ಕೋಣೆಯದೇ. ಅಟ್ಟದ ಒಲೆ ನರಗುಂದಕ್ಕೆ ಹೋಗಿ ಬಂದಿತ್ತು. ಇಲ್ಲಿ ಕಡಿಸಿದರೆ ದೇವಪ್ಪನಿಗೆ ತಿಳಿಯುತ್ತದೆಂದು, ಯಾರೋ ಅದನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿದ್ದರು.

"ನರಗುಂದಕ್ಕ ಯಾರು ಹೋಗಿದ್ರು ಅಂತ ಕಂಡಕ್ಟರಗ ಕೇಳೋಣೇನ್ರಿ?" ಎಂದ ಜಮಾದಾರ, ಅವರ ಲೆಕ್ಕ ಕೇಳಿಸಿಕೊಂಡು. "ಅಷ್ಟು ಭಾರದ ಗಂಟು, ತಟ್ಟಿ ಒಡೀಬಾರದು ಅಂತ ಯಾರರ ತೊಡಿ ಮ್ಯಾಲೆ ಇಟಗೊಂಡ ಕೂತಿರಬೇಕು."

ಯಾರದಾದರೂ ತೊಡೆಯ ಮೇಲೆ.

ಆ ದಿನದ ಬಸ್ಸು ನರಗುಂದದಿಂದ ಬಂದದ್ದು. ತಾನು ಹತ್ತಿದ್ದು ರೋಣದಲ್ಲಿ. ಮುದುಕಿ ಆಗಲೇ ಕಿಟಕಿಯ ಬಳಿ ಕೂತಿದ್ದಳು. ಇಟಗಿ ಇರುವುದು ರೋಣ ದಾಟಿದ ಮೇಲೆ. ಇಟಗಿಯ ದಾರಿ ಬರುವ ಮೊದಲೇ ಇಟಗಿಯ ಪ್ರಸಾದ ಎಲ್ಲಿಂದ ಬಂತು?

ಮಡಿಯ ಕೆಂಪು ಸೀರೆಯ ಹೆಂಗಸು ದೇವರ ಪ್ರಸಾದವನ್ನು ಬೂಟು, ಚರ್ಮದ ಪಟ್ಟಾ ಹಾಕಿದ ಪೊಲೀಸಿನವನ ತೊಡೆಗೆ ಕೊಟ್ಟಾಳೆಯೆ? ಹೊಸ್ತಿಲ ಮೇಲೆ ಕಾಲಿಟ್ಟರೆ ಗದರುವವಳು?

ಒಲೆಯನ್ನು ಹುಟ್ಟಿದಾಗಿನಿಂದ ಮುಟ್ಟದವಳಿಗೆ, ಅದರ ತಟ್ಟೆ ಸೀಳುತ್ತದೆಂದು ಹೇಳಿಕೊಟ್ಟವರಾರು?

ನೆಲಕ್ಕ ತಾಗಸಬ್ಯಾಡಪಾ.

ದೇವಪ್ಪನನ್ನು ಬಿಡಿಸಬಲ್ಲ ಸಾಕ್ಷಿ ಒಬ್ಬನೇ. ಆ ಗಂಟನ್ನು ಅಲುಗಿಸದೆ, ಭಕ್ತಿಯಿಂದ, ಗಜೇಂದ್ರಗಡದ ತನಕ ಹೊತ್ತು ತಂದವನು. ರೋಣದ ಕೋರ್ಟಿನಲ್ಲಿ ನಿಂತು ಅದನ್ನು ಹೇಳುವುದು ಹೇಗೆ? ಹೇಳಿದರೆ ನಂಬುವವರಾರು? ಮುಖ ನೋಡಿದೆಯೇನಪಾ ಎಂದರೆ, ಇಲ್ಲ. ಹೆಣ್ಣುಮಕ್ಕಳ ಮುಖ ನೋಡಬಾರದೆಂದು ಕಿಟಕಿಯಾಚೆ ನೋಡುತ್ತ ಬಂದಿದ್ದೆ.

"ಸಾಹೇಬ್ರ..."

ಮೆಹಬೂಬಸುಭಾನಿ ಬಾಗಿಲಲ್ಲಿ ನಿಂತಿದ್ದ. ಅವನ ಮುಖದ ಮೇಲಿನ ಯಾವತ್ತಿನ ನಗೆ ಹೋಗಿತ್ತು.

"ಕಾಶಿಬಾಯಾರು ಬಂದಾರ್ರಿ. ಒಬ್ಬರ ಬಂದಾರ."

ಮೆಟ್ಟಿಲ ಕೆಳಗೆ ಬೆಳದಿಂಗಳಲ್ಲಿ ಕೆಂಪು ಸೀರೆ. ವರ್ಷದಿಂದ ಹೊಸ್ತಿಲು ದಾಟದವಳು ಊರ ನಡುವೆ ನಡೆದು ಬಂದಿದ್ದಳು. ಸೆರಗು ಈಗ ಹಿಂದೆ ಸರಿದಿತ್ತು. ಎರಡೂ ಕೈಯಲ್ಲಿ ಒಂದು ಗಂಟು. ಬೇವಿನ ಕಟ್ಟೆಯಿಂದ ಹುಚ್ಚವ್ವ ಎದ್ದು ನಿಂತು, ಅರ್ಥವಾಗದೆ, ಒಮ್ಮೆ ಆಕೆಯನ್ನೂ ಒಮ್ಮೆ ಫೌಜದಾರರನ್ನೂ ನೋಡುತ್ತಿದ್ದಳು.

"ಲೆಕ್ಕ ಹತ್ತಿತಲ್ಲಾ ನಿನಗ?" ಎಂದಳು ಕಾಶಿಬಾಯಿ. ದನಿಯಲ್ಲಿ ಅಂಜಿಕೆ ಇರಲಿಲ್ಲ. "ಮುಖಾ ನೋಡೇ ತಿಳೀತು. ಆದರ ಅರ್ಧಾನ ಹತ್ಯದ. ಇನ್ನರ್ಧಾ ಇದರಾಗ ಅದ."

ಮೈಲಾರಪ್ಪ ಮೆಟ್ಟಿಲಿಳಿದರು. ಕೈ ತಾನೇ ಮುಂದೆ ಚಾಚಿತು.

"ನೆಲಕ್ಕ ತಾಗಸಬ್ಯಾಡಪಾ. ಅವತ್ತ ಬಸ್ಸಿನ್ಯಾಗ ಹಿಡದಿದ್ದ್ಯಲ್ಲ, ಹಂಗ ಹಿಡಿ."

ಅವರು ಹಿಡಿದರು. ಸುಟ್ಟ ಒಲೆಗೆ ಅರಗಿನ ಮುದ್ರೆ ಬಿದ್ದಿತ್ತು, ದಿನದ ಒಲೆ ಮಣೆಯ ಮೇಲಿತ್ತು. ಎರಡನ್ನೂ ಅವರು ಇದೇ ಸಂಜೆ ತಮ್ಮ ಕೈಯಾರೆ ಅಳೆದು ಬಂದಿದ್ದರು.

ಆದರೂ ಗಂಟಿನ ಭಾರ ಅವರ ಕೈಗೆ ಗುರುತು ಹತ್ತಿತು; ಸುಟ್ಟದ್ದು ನರಗುಂದದಿಂದ ತಂದು ಬದಲಿಸಿಟ್ಟ ಒಲೆ, ಅಟ್ಟದ ಕಡಿಯದ ಒಲೆ ಇದರೊಳಗೆ. ಅದೇ ಭಾರ.